ಒಳಹರಿವು

ಜೂನ್ ೩, ಸೋಮವಾರ

ದಿನಚರಿ ಬರೆಯೋದು ಬಿಟ್ಟು ಎಷ್ಟು ವರ್ಷವಾಯಿತೋ. ಇವತ್ತು ಮತ್ತೆ ಹಿಡಿದಿದ್ದೇನೆ, ಯಾಕೆಂದರೆ ಮನೆಯಲ್ಲಿ ಬೈಯೋಕೆ ಯಾರೂ ಸಿಗುತ್ತಿಲ್ಲ. ಇವರು ಹಡಗಿನ ಎಂಜಿನ್ ರೂಮಿನಲ್ಲಿದ್ದಾರೆ, ಯಾವ ಸಮುದ್ರದ ನಡುವೆಯೋ ದೇವರಿಗೇ ಗೊತ್ತು. ಫೋನಿನಲ್ಲಿ ಜಗಳ ತೆಗೆದರೆ ಸರಿಯಾಗಿ ಮುಖ್ಯವಾದ ಮಾತಿನ ಹೊತ್ತಿಗೇ ಸಿಗ್ನಲ್ ಹೋಗುತ್ತದೆ. ಮಾವನನ್ನು ಬೈಯೋ ಹಾಗಿಲ್ಲ. ಮಂಚ ಹಿಡಿದ ಮನುಷ್ಯನನ್ನು ಬೈದರೆ ಬಾಯಲ್ಲಿ ಹುಳ ಬಿದ್ದೀತು.

ಮಾವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದು ಏಪ್ರಿಲ್‌ನಲ್ಲಿ. ಸ್ಕ್ರೂ ಹಾಕಿದರು, ಅದು ಸಡಿಲವಾಯಿತು. ಈಗ ಕೀಲನ್ನೇ ಬದಲಾಯಿಸಬೇಕಂತೆ. ಅಷ್ಟರಲ್ಲಿ ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಗಿದೆ. ಎಲುಬಿನ ಡಾಕ್ಟರು ಇವತ್ತು ಅದನ್ನು ನೋಡಿ ನೇರವಾಗಿಯೇ ಹೇಳಿದರು.

"ಈ ಹುಣ್ಣು ಮಾಯೋವರೆಗೆ ನಾನು ಕೈ ಹಾಕಲ್ಲ. ಒಳಗೆ ಹೊಸ ಕೀಲು, ಹೊರಗೆ ಹುಣ್ಣು ಅಂದ್ರೆ ಕೀವಾಗಿ ಎರಡೂ ಹಾಳಾಗುತ್ತೆ. ಚರ್ಮ ಒಣಗಿರಬೇಕು. ರಾತ್ರಿಯೆಲ್ಲ ಒದ್ದೆಯಲ್ಲಿ ಮಲಗಿದ್ರೆ ಮಾಯೋ ಮಾತೇ ಇಲ್ಲ."

"ಮಾಯದಿದ್ರೆ?" ಅಂತ ಮಾವನೇ ಕೇಳಿದರು.

"ಹೀಗೇ ಮಲಗಿರಬೇಕಾಗುತ್ತೆ."

ಮೂತ್ರಕ್ಕೆ ಟ್ಯೂಬ್ ಹಾಕಿ ನೋಡಿಯಾಯಿತು, ಸೋಂಕಾಗಿ ತೆಗೆದರು. ಬಾಟಲಿ ಹಿಡಿಯೋ ಹೊತ್ತಿಗೆ ಆಗಿಹೋಗಿರುತ್ತದೆ. ಉಳಿದದ್ದು ಡೈಪರ್ ಒಂದೇ. ವಾಪಸ್ ಬರುವಾಗ ಮಾವ ತುಟಿ ಬಿಚ್ಚಲಿಲ್ಲ. ಜೀವಮಾನವೆಲ್ಲ ದೂರದೂರಿನ ಬಸ್ಸು ಓಡಿಸಿದ ಮನುಷ್ಯ. ಆಂಬುಲೆನ್ಸ್ ಡ್ರೈವರ್ ಗೇರ್ ತಪ್ಪಿಸಿದಾಗ ಮಾತ್ರ "ಥೂ" ಅಂದರು.

ಚರ್ಮ ಒಣಗಿರಬೇಕಂತೆ. ನನ್ನ ಕೆಲಸವೇ ಅದು. ನಾನು ಡಾಕ್ಟರೇಟ್ ಮಾಡಿದ್ದು ಬಂಡೆಯ ಸಣ್ಣ ಸಣ್ಣ ರಂಧ್ರಗಳೊಳಗೆ ಎಣ್ಣೆಯೂ ನೀರೂ ಹೇಗೆ ಹರಿಯುತ್ತವೆ ಅನ್ನುವ ಲೆಕ್ಕದ ಮೇಲೆ. ಈಗ ಅನ್ನ ಹಾಕುತ್ತಿರುವುದು ದೊಡ್ಡವರ ಡೈಪರ್ ಮಾಡುವ ಕಂಪನಿ. ಬಂಡೆಯಾದರೇನು, ಡೈಪರಾದರೇನು, ಸಮೀಕರಣ ಅದೇ. ಈ ಮಾತನ್ನು ನೆಂಟರ ಮುಂದೆ ಹೇಳೋಕೆ ಇನ್ನೂ ಧೈರ್ಯ ಬಂದಿಲ್ಲ.

ಜೂನ್ ೫, ಬುಧವಾರ

ನಮ್ಮ ಮುಖ್ಯಸ್ಥರಿಗೆ ನಾನಿಟ್ಟ ಹೆಸರು ಸರಳರೇಖೆ. ನಾಲ್ಕು ಬಿಂದು ಎಲ್ಲೆಲ್ಲೋ ಬಿದ್ದಿದ್ದರೂ ಸ್ಕೇಲ್ ಇಟ್ಟು ಮಧ್ಯೆ ಒಂದು ಗೆರೆ ಎಳೆದು "ನೋಡಿ ಮೇಡಂ, ಎಷ್ಟು ಚೆನ್ನಾಗಿದೆ" ಅನ್ನುವ ಜಾತಿ. ಕೆಟ್ಟವರಲ್ಲ. ಬೇಗ ಖುಷಿಯಾಗುತ್ತಾರೆ, ಅಷ್ಟೇ ತೊಂದರೆ.

ನಮ್ಮ ತಲೆನೋವು ಎರಡನೇ ಸಲದ್ದು. ಮೊದಲ ಸಲ ಒದ್ದೆಯಾದಾಗ ಯಾವ ಡೈಪರೂ ಹೀರುತ್ತದೆ. ಒಳಗೆ ಹತ್ತಿಯಂಥ ನಾರು, ನಾರಿನ ನಡುವೆ ಜೆಲ್ ಕಾಳು. ಕಾಳು ನೀರು ಕುಡಿದು ಊದುತ್ತದೆ. ಊದಿದ ಕಾಳು ಪಕ್ಕದ ಸಂದುಗಳನ್ನೆಲ್ಲ ಮುಚ್ಚುತ್ತದೆ. ಎರಡನೇ ಸಲ ಬಂದ ನೀರಿಗೆ ಒಳಗೆ ಹೋಗೋಕೆ ದಾರಿಯಿಲ್ಲ. ಅಂಚಿಗೆ ಹರಿದು ಚರ್ಮಕ್ಕೆ, ಹಾಸಿಗೆಗೆ. ನಾನು ಲೆಕ್ಕ ಹಾಕಿ ಮಾಡಿಸಿದ ಮೂರನೇ ಮಾದರಿಯಲ್ಲಿ ಮಧ್ಯದಲ್ಲಿ ಕಾಳು ಕಡಿಮೆ, ಸುತ್ತಲೂ ಜಾಸ್ತಿ. ಮಧ್ಯದ ದಾರಿ ತೆರೆದೇ ಇರಬೇಕು. ಕಾಗದದ ಮೇಲೆ ತೆರೆದಿದೆ. ಲ್ಯಾಬಿನಲ್ಲಿ ಗಾಜಿನ ಹಲಗೆಯ ಮೇಲೆ ನೀಲಿ ಬಣ್ಣದ ಉಪ್ಪುನೀರು ಸುರಿದಾಗಲೂ ತೆರೆದಿತ್ತು.

ಜುಲೈ ಮಧ್ಯದೊಳಗೆ ಇದು ಕೆಲಸ ಮಾಡುತ್ತದೆಂದು ತೋರಿಸದಿದ್ದರೆ ಲೆಕ್ಕದ ವಿಭಾಗವನ್ನು ಮುಚ್ಚಿ ಕೋಣೆಯನ್ನು ಪ್ಯಾಕಿಂಗ್‌ನವರಿಗೆ ಕೊಡುತ್ತಾರಂತೆ. ಲೆಕ್ಕದ ವಿಭಾಗ ಅಂದರೆ ನಾನು, ಒಂದು ಕಂಪ್ಯೂಟರ್, ಗಡಗಡ ಅನ್ನುವ ಒಂದು ಫ್ಯಾನು. ವೃದ್ಧಾಶ್ರಮವೊಂದರಲ್ಲಿ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿದೆ. ಸರಳರೇಖೆ ಗಂಟಲು ಸರಿ ಮಾಡಿಕೊಂಡು, "ನಿಮ್ಮ ಮನೆಯಲ್ಲೂ ಒಬ್ಬರು ಹಿರಿಯರಿದ್ದಾರಲ್ಲ ಮೇಡಂ" ಅಂದರು. ನಾನೇ ಕೇಳಬೇಕೆಂದಿದ್ದೆ, ಅವರು ಕೇಳಿದ್ದಕ್ಕೆ ಸಿಟ್ಟು ಬಂತು.

ಜೂನ್ ೮, ಶನಿವಾರ

ಮಾವನನ್ನು ಕೇಳಿದೆ. ಕೇಳೋ ಮೊದಲು ನಾಲ್ಕು ಸಲ ಅಡುಗೆಮನೆಗೆ ಹೋಗಿ ಬಂದೆ.

"ನನ್ನ ಮೇಲೆ ಪರೀಕ್ಷೆನಾ?" ಅಂದರು.

"ಡೈಪರ್ ಮೇಲೆ ಪರೀಕ್ಷೆ ಮಾವ. ನೀವು ಹಾಕ್ಕೊಂಡು ಮಲಗಿದ್ರೆ ಸಾಕು. ಬೆಳಿಗ್ಗೆ ನಾನು ತೂಕ ನೋಡ್ತೀನಿ."

"ತೂಕ ಬೇರೆ." ಚಾದರ ಎದೆಯವರೆಗೆ ಎಳೆದುಕೊಂಡರು. "ಇದು ಒಣಗಿದ್ರೆ ಹುಣ್ಣು ಮಾಯುತ್ತೆ, ಅಲ್ವಾ?"

"ಹೌದು."

"ಹಾಕು ಮತ್ತೆ."

ಹಗಲು ನರ್ಸ್ ಬರುತ್ತಾಳೆ, ಗಟ್ಟಿಗಿತ್ತಿ, ಮಾವನನ್ನು ತಾತ ಅಂತ ಕರೆದು ಬೊಂಬೆಯ ಹಾಗೆ ಹೊರಳಿಸುತ್ತಾಳೆ. ರಾತ್ರಿಯದು, ಬೆಳಗಿನದು ನನ್ನ ಪಾಲು. ಬದಲಾಯಿಸುವಾಗ ಮಾವ ಮುಖದ ಮೇಲೆ ಟವೆಲ್ ಹಾಕಿಕೊಳ್ಳುತ್ತಾರೆ. ಮೊದಲ ದಿನದಿಂದಲೂ ಹಾಗೇ. ಮದುವೆಯಾಗಿ ಬಂದಾಗಿನಿಂದ ಅವರ ಎದುರು ಕಾಲು ಚಾಚಿ ಕೂತವಳಲ್ಲ ನಾನು. ಈಗ ಇದು. ಇಬ್ಬರಿಗೂ ಸಾಕುಸಾಕಾಗಿದೆ. ಮಾತಾಡಿದರೆ ಇನ್ನೂ ಮುಜುಗರ ಅಂತ ನಾನು ತುಟಿ ಬಿಗಿದುಕೊಂಡು ಕೆಲಸ ಮುಗಿಸಿ ಹೊರಗೆ ಬಂದುಬಿಡುತ್ತೇನೆ.

ಜೂನ್ ೧೦, ಸೋಮವಾರ

ಒದ್ದೆ. ಭುಜದವರೆಗೆ. ಎರಡು ಚಾದರ, ಅಂಗಿ, ಅದರ ಕೆಳಗಿನ ಪ್ಲಾಸ್ಟಿಕ್ ಹಾಳೆ ಎಲ್ಲ ಒಗೆಯೋಕೆ. ಚಹಾ ಕುಡಿಯದೆ ಆಫೀಸಿಗೆ ಓಡಿದೆ. ಮಾವ ಏನೋ ಕೇಳಿದರು, ಏನೆಂದು ನಿಂತು ಕೇಳಿಸಿಕೊಳ್ಳಲಿಲ್ಲ.

ಜೂನ್ ೧೨, ಬುಧವಾರ

ಒದ್ದೆ. ಮೂರನೇ ಮಾದರಿಗೆ ಬೆಂಕಿ ಬೀಳಲಿ. ಮಾವನಿಗೂ ಗೊತ್ತಾಯಿತು ಅನ್ನಿಸುತ್ತದೆ. "ನಿನ್ನ ಲೆಕ್ಕ ತಪ್ಪಾಯ್ತೇನಮ್ಮಾ?" ಅಂದರು ಟವೆಲ್ ಒಳಗಿಂದಲೇ. ನಾನು "ಹೂಂ" ಅಂದೆ, ಅಷ್ಟೇ. ಆಫೀಸಿಗೆ ಹೋಗಿ ಒಂದು ಗಂಟೆ ಸುಮ್ಮನೆ ಪರದೆ ನೋಡುತ್ತ ಕೂತಿದ್ದೆ.

ಜೂನ್ ೧೭, ಸೋಮವಾರ

ಒಣಗಿತ್ತು.

ನಂಬಿಕೆಯಾಗದೆ ಎರಡು ಸಲ ಮುಟ್ಟಿ ನೋಡಿದೆ. ಚಾದರ ಒಣಗಿದೆ, ಅಂಗಿ ಒಣಗಿದೆ, ಡೈಪರಿನ ಮೇಲ್ಪದರ ಕೂಡ ಒಣಗಿದೆ. ಹುಣ್ಣಿನ ಅಂಚು ಮೊದಲ ಸಲ ಕೆಂಪು ಬಿಟ್ಟು ತಿಳಿಯಾಗಿದೆ. "ಮಾವ, ಒಣಗಿದೆ" ಅಂದೆ. ಟವೆಲ್ ಕೆಳಗಿಳಿಸಿ ನನ್ನ ಮುಖ ನೋಡಿದರು.

"ಹೌದಾ? ಏನು ಮಾಡಿದೆ ಹಾಗಾದ್ರೆ?"

ಕುರ್ಚಿ ಎಳೆದುಕೊಂಡು ಕೂತು ಹೇಳಿದೆ. ಬಸ್ಸು ಅಂತ ಅಂದುಕೊಳ್ಳಿ ಮಾವ, ಹತ್ತಿದವರೆಲ್ಲ ಬಾಗಿಲ ಹತ್ತಿರವೇ ಗಂಟು ಮೂಟೆ ಇಟ್ಟು ನಿಂತರೆ ಹಿಂದೆ ಸೀಟು ಖಾಲಿ ಇದ್ದರೂ ಮುಂದಿನ ಸ್ಟಾಪಿನವರು ಹತ್ತೋಕಾಗಲ್ಲ. ನಾನು ಬಾಗಿಲ ಹತ್ತಿರದವರನ್ನು ಹಿಂದಕ್ಕೆ ಕಳಿಸಿದ್ದೇನೆ.

"ಅದಕ್ಕೆ ಕಂಡಕ್ಟರ್ ಬೇಕಲ್ಲ" ಅಂದರು.

"ನಾನೇ ಕಂಡಕ್ಟರ್."

"ಡಾಕ್ಟರೇಟ್ ಅಂತ ಹೇಳಿದ್ರು ನಿನ್ನ ಅಪ್ಪ, ಹೆಣ್ಣು ತೋರಿಸುವಾಗ." ನಕ್ಕರು. ಬಿದ್ದ ಮೇಲೆ ಈ ಮನುಷ್ಯ ನಕ್ಕಿದ್ದು ಇದೇ ಮೊದಲು. ನಾನೂ ನಕ್ಕೆ. ಅಲ್ಲೇ ಚಹಾ ತಂದುಕೊಂಡು ಕುಡಿದೆ. ಅವರಿಗೂ ತಂದಿದ್ದೆ, ಬಿಸಿ ಜಾಸ್ತಿ ಅಂತ ಪಕ್ಕಕ್ಕಿಟ್ಟರು. ಆಫೀಸಿಗೆ ತಡವಾಯಿತು, ಆಗಲಿ.

ಜೂನ್ ೨೦, ಗುರುವಾರ

ಮತ್ತೆ ಒಣಗಿದೆ. ಡೈಪರಿನ ತೂಕವೂ ಇಳಿಯುತ್ತಿದೆ. ಇದನ್ನು ಗಮನಿಸಬೇಕು: ಬಣ್ಣ ಗಾಢ, ವಾಸನೆಯೂ ಹೆಚ್ಚು. ಜೆಲ್ ನೀರನ್ನಷ್ಟೇ ಹೀರಿ ಉಳಿದದ್ದನ್ನು ಮೇಲೆ ಬಿಡುತ್ತಿದೆಯೇನೋ. ಕುತೂಹಲದ ವಿಷಯ, ಇದರ ಮೇಲೆ ಒಂದು ಪ್ರಬಂಧವೇ ಬರೆಯಬಹುದು.

ಬೆಳಗಿನ ಹೊತ್ತು ಮಾವನ ಹತ್ತಿರ ಕೂರೋದು ಅಭ್ಯಾಸವಾಗಿದೆ. ನಾನು ಲ್ಯಾಪ್‌ಟಾಪ್ ತಂದು ಗ್ರಾಫ್ ತೋರಿಸುತ್ತೇನೆ, ಅವರು "ಇಳಿಜಾರು ಚೆನ್ನಾಗಿದೆ, ಬ್ರೇಕ್ ಮೇಲೆ ಕಾಲಿಟ್ಟಿರು" ಅನ್ನುತ್ತಾರೆ. ಇವತ್ತು ತಮ್ಮ ಕಾಲದ ಕಥೆ ಶುರುವಾಯಿತು. ಗುಡ್ಡದ ರೂಟಿನಲ್ಲಿ ಮೂರು ಸಲ ನಿಲ್ಲಿಸೋ ಕಡೆ ಮಾವ ಒಂದೇ ಸಲ ನಿಲ್ಲಿಸುತ್ತಿದ್ದರಂತೆ. ಪ್ರಯಾಣಿಕರು ಮೂತ್ರಕ್ಕೆ ಇಳಿದು ಓಡಿದರೂ ಇವರು ಸೀಟು ಬಿಟ್ಟು ಏಳುತ್ತಿರಲಿಲ್ಲವಂತೆ. "ಡ್ರೈವರ್ ಆದವನು ಹಿಂದಿನ ದಿನದಿಂದಲೇ ತಯಾರಾಗಬೇಕಮ್ಮಾ" ಅಂದರು ಜಂಬದಿಂದ. ಗಂಡಸರ ಜಂಬಕ್ಕೆ ಇಂಥದೇ ವಿಷಯ ಬೇಕೆಂದೇನಿಲ್ಲ.

ಅವರ ತುಟಿ ಒಡೆದಿದೆ. ಫ್ಯಾನಿನ ಗಾಳಿಗಿರಬೇಕು. ಬರುವಾಗ ಹಚ್ಚೋಕೆ ಮುಲಾಮು ತಂದೆ.

ಜೂನ್ ೨೪, ಸೋಮವಾರ

ವೃದ್ಧಾಶ್ರಮದಿಂದ ಅಂಕಿ ಬಂತು. ಅಲ್ಲಿ ಸೋರಿದೆ. ಒಂದಲ್ಲ, ಹೆಚ್ಚುಕಡಿಮೆ ಎಲ್ಲ ಹಾಸಿಗೆಯಲ್ಲೂ. ಎರಡನೇ ಮಾದರಿಗಿಂತ ಸ್ವಲ್ಪ ವಾಸಿ, ಅಷ್ಟೇ.

ನನ್ನ ಮನೆಯಲ್ಲಿ ಒಣಗಿದ್ದು ಅಲ್ಲಿ ಯಾಕೆ ಒಣಗಲ್ಲ? ಅಲ್ಲಿಯವರು ನೆಟ್ಟಗೆ ಕಟ್ಟಿರಲ್ಲ. ಒಬ್ಬಳು ಆಯಾ, ಒಂದು ಸಾಲು ಮಂಚ, ಎಳೆದು ಅಂಟಿಸಿ ಮುಂದಕ್ಕೆ ಹೋಗುತ್ತಾಳೆ. ನಾನಾದರೆ ಕಣ್ಣಲ್ಲಿ ಕಣ್ಣಿಟ್ಟು ಕಟ್ಟುತ್ತೇನೆ. ನನ್ನ ಸಮೀಕರಣದಲ್ಲಿ ಒಂದು ಸಂಖ್ಯೆಯಿದೆ, ಊದಿದ ಕಾಳುಗಳ ಸಂದಿನಲ್ಲಿ ನೀರು ಎಷ್ಟು ಸಲೀಸಾಗಿ ಹಾಯುತ್ತದೆ ಅನ್ನುವುದು. ಅದನ್ನು ನೇರವಾಗಿ ಅಳೆಯೋಕಾಗಲ್ಲ, ಊಹೆ ಮಾಡಬೇಕು. ಮಾವನ ಅಂಕಿಗೆ ಹೊಂದುವ ಹಾಗೆ ಆ ಸಂಖ್ಯೆಯನ್ನು ಸ್ವಲ್ಪ ತಿರುಗಿಸಿದೆ. ಗೆರೆ ಹೋಗಿ ಬಿಂದುಗಳ ಮೇಲೆ ಕೂತಿತು, ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ. ಸರಳರೇಖೆ ಪರದೆಯ ಹತ್ತಿರ ಮುಖ ತಂದು, "ಸುಂದರವಾಗಿದೆ" ಅಂದರು. ಅವರು ಎಲ್ಲದಕ್ಕೂ ಹಾಗೆ ಅನ್ನುತ್ತಾರೆ, ಆದರೂ ಇವತ್ತು ನನಗೂ ಹಾಗೇ ಅನ್ನಿಸಿತು.

ಜೂನ್ ೨೬, ಬುಧವಾರ

ಎಲುಬಿನ ಡಾಕ್ಟರು ಗಾಯ ನೋಡಿ ಹುಬ್ಬೇರಿಸಿದರು. ಜುಲೈ ಹತ್ತಕ್ಕೆ ಆಪರೇಷನ್. ಇವರಿಗೆ ಫೋನ್ ಮಾಡಿ ಹೇಳಿದೆ. "ಅಪ್ಪ ನಡೀತಾರಾ?" ಅಂತ ಮೂರು ಸಲ ಕೇಳಿದರು. ಆಮೇಲೆ ಸಿಗ್ನಲ್ ಹೋಯಿತೋ ಅಥವಾ ಅಳು ಬಂತೋ ಗೊತ್ತಾಗಲಿಲ್ಲ.

ಮಾವ ಬಟ್ಟೆಯ ಬೂಟು ಬೇಕು ಅಂದಿದ್ದಾರೆ, ಲೇಸಿಲ್ಲದ್ದು.

ಜೂನ್ ೩೦, ಭಾನುವಾರ

ಭಾನುವಾರವಾದ್ದರಿಂದ ಇಡೀ ಬೆಳಿಗ್ಗೆ ಮಾವನ ಜೊತೆ. ಒಣಗಿದೆ ಅಂದರೆ ಒಣಗಿದೆ, ತೂಕ ಹೊಸ ಡೈಪರಿಗಿಂತ ಒಂದಿಷ್ಟೇ ಹೆಚ್ಚು. ಇಷ್ಟು ಕಡಿಮೆ ಹೇಗೆ ಸಾಧ್ಯ ಅಂತ ಯೋಚಿಸಿದೆ. ಆವಿಯಾಗುತ್ತಿರಬೇಕು. ಹೊರಪದರದ ರಂಧ್ರಗಳಿಂದ ಆವಿ ಹೋಗುತ್ತದೆ, ಅದನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಮಧ್ಯಾಹ್ನ ಕೂತು ಸಮೀಕರಣಕ್ಕೆ ಆವಿಯ ಪದ ಸೇರಿಸಿದೆ. ತಲೆ ಚೆನ್ನಾಗಿ ಓಡುತ್ತಿದೆ ಈಚೆಗೆ.

ಮಾವನಿಗೆ ತೂಕಡಿಕೆ ಜಾಸ್ತಿ. ನಾನು ಆವಿಯ ವಿಷಯ ಹೇಳುತ್ತಿದ್ದ ಹಾಗೇ ಕಣ್ಣು ಮುಚ್ಚಿದರು, ಮತ್ತೆ ಎಚ್ಚರವಾಗಿ "ಹೇಳು ಹೇಳು, ಕೇಳ್ತಿದೀನಿ" ಅಂದರು. ಸೂಪು ಹಾಗೇ ಬಿಟ್ಟಿದ್ದರು. ನೀರಿನ ಲೋಟ ಕೊಟ್ಟರೆ ಬೇಡ, ಆಮೇಲೆ ಅಂದರು. ಹೋಗಲಿ ಬಿಡು, ನಿನ್ನೆ ಸಂಜೆ ನರ್ಸ್ ಹೊಟ್ಟೆ ತುಂಬ ಕುಡಿಸಿಯೇ ಹೋದಳಂತೆ. ಸೆಕೆ ಬೇರೆ, ಯಾರಿಗಾದರೂ ತೂಕಡಿಕೆ ಬರುತ್ತದೆ.

ಜುಲೈ ೨, ಮಂಗಳವಾರ

ಆಸ್ಪತ್ರೆ. ಮಾವನನ್ನು ಐಸಿಯುಗೆ ಹಾಕಿದ್ದಾರೆ.

ಜುಲೈ ೩, ಬುಧವಾರ

ನಿನ್ನೆ ಬೆಳಿಗ್ಗೆ ಕೋಣೆಗೆ ಹೋದರೆ ಮಾವ ನನ್ನನ್ನು ನೋಡಿ, "ಬಾಗಿಲು ಹಾಕು, ಗಾಡಿ ಬಿಡೋ ಹೊತ್ತಾಯ್ತು" ಅಂದರು. ತಮಾಷೆ ಅಂದುಕೊಂಡೆ. "ಎಷ್ಟು ಜನ ಹತ್ತಿದ್ರು?" ಅಂತ ಕೇಳಿದರು. ಆಗ ಕಣ್ಣು ನೋಡಿದೆ, ಅದು ನನ್ನ ಮೇಲಿರಲಿಲ್ಲ. ಹಣೆ ಮುಟ್ಟಿದರೆ ಕಾದ ಹೆಂಚು. ಡೈಪರ್ ಒಣಗಿತ್ತು.

ಐಸಿಯುವಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೈಯಲ್ಲಿ ನೀರಿಲ್ಲ, ಮೂತ್ರಪಿಂಡ ಸೋಲುತ್ತಿದೆ, ಸೋಂಕು ರಕ್ತಕ್ಕೆ ಹೋಗಿದೆ ಅಂದರು. ಒಂದೊಂದೇ ಹೇಳಿದರು, ಅವಸರವಿಲ್ಲದೆ. ಆಮೇಲೆ ಪೆನ್ನು ಹಿಡಿದು ಕೇಳಿದರು:

"ದಿನಕ್ಕೆ ಎಷ್ಟು ನೀರು ಕುಡೀತಿದ್ರು?"

"ಹೊರಗೆ ಹೋಗೋದು ಎಷ್ಟು ಅಂತ ಹೇಳ್ತೀನಿ" ಅಂದೆ. ಫೋನ್ ತೆಗೆದು ಗ್ರಾಫ್ ತೋರಿಸಿದೆ. ಗ್ರಾಂ ಲೆಕ್ಕದಲ್ಲಿದೆ, ಒಂದು ದಿನವೂ ತಪ್ಪಿಲ್ಲ. ಅವರು ಗ್ರಾಫ್ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಇಷ್ಟು ಇಳೀತಾ ಬಂದಿದೆಯಲ್ಲ. ನೋಡಿದಾಗ ನಿಮಗೇನೂ ಅನ್ನಿಸಲಿಲ್ವಾ?"

"ಖುಷಿಯಾಗ್ತಿತ್ತು" ಅಂದೆ.



ಜುಲೈ ೫, ಶುಕ್ರವಾರ

ಆಸ್ಪತ್ರೆಯ ಮೊಗಸಾಲೆಯಲ್ಲಿ ನರ್ಸ್ ಸಿಕ್ಕಿದಳು, ನೋಡೋಕೆ ಬಂದಿದ್ದಳು.

"ಬೆಳಿಗ್ಗೆ ಸೊಸೆ ಕುಡಿಸಿ ಹೋದ್ಲು, ಈಗ ಸಾಕು ಅಂತಿದ್ರು ತಾತ" ಅಂದಳು.

"ಸಂಜೆ ನೀವು ಕುಡಿಸಿ ಹೋದ್ರಿ ಅಂತ ನನಗೆ ಹೇಳ್ತಿದ್ರು."

ಆಗ ಅವಳಿಗೆ ಬೇಸಿನ್ ದಿನಾ ತುಂಬಿರುತ್ತಿದ್ದದ್ದು ನೆನಪಾಯಿತು. ತೀರಾ ಒತ್ತಾಯ ಮಾಡಿದರೆ ಎರಡು ಗುಟುಕು ಕುಡಿದು, ಉಳಿದದ್ದನ್ನು ಬಾಯಿ ಮುಕ್ಕಳಿಸುವ ಬೇಸಿನ್ನಿಗೆ ಸುರಿಯುತ್ತಿದ್ದಿರಬೇಕು. ಮುಕ್ಕಳಿಸಿದ್ದು ಅಂತ ಅವಳು ಚೆಲ್ಲುತ್ತಿದ್ದಳು. ಪಾಪ, ಬಿಕ್ಕಿ ಬಿಕ್ಕಿ ಅತ್ತಳು. ನಾನು ಅವಳ ಬೆನ್ನು ಸವರಿದೆ. ನನಗೆ ಅಳು ಬರಲಿಲ್ಲ, ನನ್ನ ಮೇಲೆ ಎಷ್ಟು ಅಸಹ್ಯವಾಗಿತ್ತೆಂದರೆ ಅಳೋಕೂ ನಾಚಿಕೆ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲ ದಿನ ಹೇಳಿಕೊಡುವ ಸಾಲು ಇದು: ಒಳಹರಿವು ಕಳೆ ಹೊರಹರಿವು, ಉಳಿದದ್ದು ಸಂಗ್ರಹ. ಬಂಡೆಗೂ ಇದೇ, ಮಣ್ಣಿಗೂ ಇದೇ, ಡೈಪರಿಗೂ ಇದೇ. ಪತ್ರಿಕೆಯಲ್ಲಿ ಅಣೆಕಟ್ಟಿನ ಸುದ್ದಿ ಹಾಕುವವರು ಕೂಡ ಎರಡನ್ನೂ ಬರೆಯುತ್ತಾರೆ. ನಾನು ಹೊರಹರಿವನ್ನು ಗ್ರಾಂ ಗ್ರಾಂ ಅಳೆದು, ಹೊಂದದಿದ್ದಾಗ ಕಾಳಿನ ಸಂದು ಹಿಗ್ಗಿಸಿದೆ, ಆವಿ ಮಾಡಿ ಹಾರಿಸಿದೆ. ಒಂದು ಲೋಟ ನೀರು ಎತ್ತಿ ನೋಡಲಿಲ್ಲ.

ವೃದ್ಧಾಶ್ರಮದ ಆಯಾ ಸರಿಯಾಗಿಯೇ ಕಟ್ಟಿದ್ದಳು. ಅಲ್ಲಿಯವರು ನೀರು ಕುಡಿಯುತ್ತಿದ್ದರು, ಅಷ್ಟೇ.

ಜುಲೈ ೯, ಮಂಗಳವಾರ

ಜ್ವರ ಇಳಿದಿದೆ, ವಾರ್ಡಿಗೆ ತಂದಿದ್ದಾರೆ. ಮೂತ್ರಪಿಂಡ ನಿಧಾನಕ್ಕೆ ದಾರಿಗೆ ಬರುತ್ತಿದೆ, ಪೂರ್ತಿ ಬರುತ್ತದೋ ಇಲ್ಲವೋ ಹೇಳೋಕಾಗಲ್ಲವಂತೆ. ನಾಳಿನ ಆಪರೇಷನ್ ರದ್ದು. ಎಲುಬಿನ ಡಾಕ್ಟರು ಬಂದು ನೋಡಿ, "ಹುಣ್ಣು ಒಣಗಿತ್ತು, ಮಾಯ್ದಿರಲಿಲ್ಲ. ಒಣಗೋದೇ ಬೇರೆ, ಮಾಯೋದೇ ಬೇರೆ" ಅಂದರು. ಎರಡು ತಿಂಗಳಾದ ಮೇಲೆ ನೋಡೋಣ ಅಂದರು. ನೋಡೋಣ ಅಂದರೆ ಏನು ಅಂತ ನನಗೂ ಗೊತ್ತು, ಮಾವನಿಗೂ ಗೊತ್ತು.

ಮಾವನಿಗೆ ಈಗ ಎಚ್ಚರವಿದೆ, ಮಾತಾಡುತ್ತಾರೆ. ನಾನು ಕೇಳಿಯೇಬಿಟ್ಟೆ.

"ಯಾಕೆ ಹಾಗೆ ಮಾಡಿದ್ರಿ?"

"ರೂಟಿಗೆ ಹೋಗೋ ಮುಂಚೆ ಹಾಗೇ ಮಾಡ್ತಿದ್ದೆ ನಾನು. ಹಿಂದಿನ ದಿನದಿಂದ ನೀರು ಬಿಡೋದು. ಅಭ್ಯಾಸ ಇದೆ."

"ಅದು ಒಂದು ದಿನಕ್ಕೆ ಮಾವ. ಇದು ಎಷ್ಟು ದಿನ? ಸತ್ತೇಹೋಗ್ತಿದ್ರಲ್ಲ. ನಿಮ್ಮ ಮಗನಿಗೆ ನಾನೇನು ಹೇಳ್ಬೇಕಿತ್ತು? ಬುದ್ಧಿ ಬೇಡ್ವಾ ನಿಮ್ಗೆ?"

ಇಷ್ಟು ವರ್ಷದಲ್ಲಿ ಅವರನ್ನು ಬೈದದ್ದು ಇದೇ ಮೊದಲು. ಪಕ್ಕದ ಮಂಚದವರು ತಿರುಗಿ ನೋಡಿದರು. ಮಾವ ಕೈಯ ಡ್ರಿಪ್ ಪಟ್ಟಿ ಸವರಿಕೊಂಡರು. ಆಮೇಲೆ, "ಬೇಗ ಆಪರೇಷನ್ ಆಗ್ಲಿ ಅಂತ" ಅಂದರು.

ನಾನು ಲೋಟ ಬಾಯಿಗೆ ಹಿಡಿದೆ. ಕುಡಿದರು.

ಜುಲೈ ೧೫, ಸೋಮವಾರ

ಆಫೀಸಿನಲ್ಲಿ ಮನೆಯ ಅಂಕಿ ಅಷ್ಟನ್ನೂ ತೆಗೆದುಹಾಕಿದೆ. ತಿರುಗಿಸಿದ ಸಂಖ್ಯೆಯನ್ನು ಮೊದಲಿದ್ದ ಕಡೆಗೆ ತಂದೆ, ಆವಿಯ ಪದ ಅಳಿಸಿದೆ. ಉಳಿದದ್ದು ವೃದ್ಧಾಶ್ರಮದ ಅಂಕಿ. ಮೂರನೇ ಮಾದರಿ ಎರಡನೆಯದಕ್ಕಿಂತ ಸ್ವಲ್ಪ ವಾಸಿ, ಎರಡನೇ ಸಲಕ್ಕೆ ಸೋರುತ್ತದೆ. ಹಾಗೇ ಬರೆದು ಕೊಟ್ಟೆ.

ಸರಳರೇಖೆ ತುಂಬ ಹೊತ್ತು ಓದಿದರು. "ಮೇಡಂ, ನಿಮ್ಮ ಮನೆಯ ಬಿಂದುಗಳು ಚೆನ್ನಾಗಿದ್ವು" ಅಂದರು, ಮಿಠಾಯಿ ಕಿತ್ತುಕೊಂಡ ಮಗುವಿನ ಮುಖ.

"ಅದು ಬಿಂದು ಅಲ್ಲ ಸರ್, ನಮ್ಮ ಮಾವ."

ಸಂಜೆ ಹೋಗುವಾಗ, ಮಾವ ಹೇಗಿದ್ದಾರೆ ಅಂತ ನಿಂತು ಕೇಳಿದರು. ಕೋಣೆ ಪ್ಯಾಕಿಂಗ್‌ನವರಿಗೆ ಹೋಗುತ್ತದೆ. ನನಗೆ ಲ್ಯಾಬಿನ ಮೂಲೆಯಲ್ಲಿ ಒಂದು ಮೇಜು ಕೊಡುತ್ತಾರಂತೆ, ಆರು ತಿಂಗಳ ಮಟ್ಟಿಗೆ. ಗಾಜಿನ ಹಲಗೆಯ ಪಕ್ಕ. ಇರಲಿ. ನೀರು ಸುರಿಯೋದನ್ನಾದರೂ ಕಣ್ಣಾರೆ ನೋಡಬಹುದು.

ಜುಲೈ ೧೯, ಶುಕ್ರವಾರ

ಮಾವನನ್ನು ಮನೆಗೆ ಕರೆತಂದೆ. ಡಾಕ್ಟರಮ್ಮ ದಿನಕ್ಕೆ ಇಷ್ಟು ನೀರು ಅಂತ ಬರೆದು ಕೊಟ್ಟಿದ್ದಾರೆ. ನಾನೂ ನರ್ಸೂ ಈಗ ಒಬ್ಬರ ಎದುರು ಒಬ್ಬರು ಲೆಕ್ಕ ಒಪ್ಪಿಸಿಯೇ ಬಾಗಿಲು ದಾಟೋದು. ಮಾವ, "ಡಿಪೋದಲ್ಲೂ ಇಷ್ಟು ಕಾವಲು ಇರಲಿಲ್ಲ" ಅಂತ ಗೊಣಗುತ್ತಾರೆ, ಕುಡಿಯುತ್ತಾರೆ.

ಜುಲೈ ೨೨, ಸೋಮವಾರ

ಬೆಳಿಗ್ಗೆ ಹಾಸಿಗೆ ಪೂರ್ತಿ ಒದ್ದೆ. ಚಾದರ, ಅಂಗಿ, ದಿಂಬಿನ ತುದಿ. ಡೈಪರ್ ಎತ್ತಿದರೆ ಕಲ್ಲಿನ ಭಾರ, ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಬಣ್ಣ ತಿಳಿ, ನೀರಿನಂಥ ತಿಳಿ. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಎಷ್ಟು ಸಮಾಧಾನವಾಯಿತೆಂದರೆ ತೂಕಕ್ಕೆ ಇಡೋದೂ ಮರೆತೆ.

"ಫೇಲಾಯ್ತಾ?" ಟವೆಲ್ ಒಳಗಿಂದ ಕೇಳಿದರು.

"ಪೂರ್ತಿ ಫೇಲ್ ಮಾವ."

ಮೈ ಒರೆಸಿ, ಹುಣ್ಣಿಗೆ ಮದ್ದು ಹಾಕಿ, ಒಣ ಅಂಗಿ ತೊಡಿಸಿ, ಹೊಸ ಚಾದರ ಹಾಸಿದೆ. ಹುಣ್ಣಿನ ಒಂದು ಕಡೆ ಮತ್ತೆ ಬಾಯಿ ಬಿಟ್ಟಿದೆ. ಕುರ್ಚಿ ಎಳೆದುಕೊಂಡು ಕೂತು, ಎಲ್ಲಿ ದಾರಿ ಮುಚ್ಚಿಹೋಗುತ್ತಿದೆ, ನಾಲ್ಕನೇ ಮಾದರಿಯಲ್ಲಿ ಏನು ಮಾಡಬೇಕೆಂದಿದ್ದೇನೆ ಅಂತ ಹೇಳತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಮಾವ ನನ್ನನ್ನೇ ನೋಡುತ್ತಿದ್ದಾರೆ, ಮಾತು ಕೇಳುತ್ತಿಲ್ಲ.

"ಒದ್ದೆಯಾಗಿದ್ರೂ ಕೂತಿದ್ದೀಯಲ್ಲಮ್ಮಾ" ಅಂದರು.

ಅರ್ಥವಾಗಲಿಲ್ಲ. ಏನು ಮಾವ ಅಂದೆ.

"ಒದ್ದೆ ಇದ್ದ ದಿನ ನೀನು ಒಂದು ಮಾತೂ ಆಡ್ತಿರಲಿಲ್ಲ. ಒರೆಸಿ, ಕಟ್ಟಿ, ಹೋಗ್ಬಿಡ್ತಿದ್ದೆ. ಮೊದಲ ಸಲ ನಿನ್ನ ಲೆಕ್ಕ ಸರಿಯಾಗ್ಲಿ ಅಂತ ನೀರು ಬಿಟ್ಟೆ. ಒಣಗಿದ್ದ ದಿನ ನೀನು ಹೀಗೆ ಕೂತು ಮಾತಾಡ್ತಿದ್ದೆ. ನಾನು ಮಂಚ ಹಿಡಿದ ಮೇಲೆ ಯಾರೂ ನನ್ನ ಹತ್ರ ಹಾಗೆ ಕೂತಿರಲಿಲ್ಲ." ಗೋಡೆಯ ಕಡೆ ಮುಖ ತಿರುಗಿಸಿದರು. "ಆಪರೇಷನ್‌ಗೆ ಅಂತ ಅಂದಿದ್ದು ಸುಮ್ನೆ. ಈ ಸೊಂಟ ನೆಟ್ಟಗಾಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು."

ಎದ್ದು ಹೊರಗೆ ಹೋಗಬೇಕು ಅನ್ನಿಸಿತು, ಹೋಗಲಿಲ್ಲ, ಹೋದರೆ ಹಿಂದಿನ ಹಾಗೇ ಆಗುತ್ತದೆ ಅಂತ ಹೆದರಿ ಕೂತೇ ಇದ್ದೆ. ಅಳು ಬಂತು, ಅಲ್ಲೇ ಅತ್ತೆ. ಅವರು ಗೋಡೆ ನೋಡುತ್ತಲೇ ಕೈ ಹಿಂದಕ್ಕೆ ಚಾಚಿ ನನ್ನ ಮೊಣಕೈ ತಟ್ಟಿದರು.

ಲೋಟದಲ್ಲಿ ನೀರು ಕೊಟ್ಟೆ, ಪೂರ್ತಿ ಕುಡಿದರು. ಸರಳರೇಖೆಗೆ ಫೋನ್ ಮಾಡಿ ಇವತ್ತು ಮಧ್ಯಾಹ್ನದ ಮೇಲೆ ಬರುತ್ತೇನೆ ಅಂದೆ. ಲೆಕ್ಕದ ಮಾತು ಮುಗಿದಿತ್ತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ. ಒದ್ದೆ ಚಾದರ ಬಾಗಿಲ ಹತ್ತಿರ ಹಾಗೇ ಬಿದ್ದಿತ್ತು.